ಕೌಂಟರಿನಾಕೆಯ ಗಂಟಲು

ಮನೆ,
ಮಂಗಳವಾರ ಸಂಜೆ

ಪ್ರೀತಿಯ ಪುಟ್ಟೀ,

ಅದೇ, ನಿನ್ನೆ ಫೋನಿನಲ್ಲಿ ಅರ್ಧಕ್ಕೇ ಬಿಟ್ಟೆನಲ್ಲ ಬ್ಯಾಂಕಿನ ವಿಷಯ, ಅದನ್ನು ಕಾಗದದಲ್ಲಿ ಬರೆಯುವುದೇ ವಾಸಿ. ನಿನ್ನ ಸೊಂಟನೋವು ಇಳಿಯಿತೇ? ನನ್ನ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಅದೊಂದು ಬಿಟ್ಟರೆ ಗುಂಡುಕಲ್ಲಿನ ಹಾಗಿದ್ದೇನೆ.

ಇವತ್ತು ಸಾಕ್ಷಿ ಹೇಳಲು ಹೋಗಿದ್ದೆ. ವಿಚಾರಣೆ ಅಂದರೆ ಕಟಕಟೆ, ಕರಿಕೋಟು ಎಂದುಕೊಂಡು ಇಸ್ತ್ರಿ ಅಂಗಿ ಹಾಕಿಕೊಂಡಿದ್ದೆ. ನೋಡಿದರೆ ಬ್ಯಾಂಕಿನ ಹಿಂಭಾಗದಲ್ಲಿ ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಕೋಣೆ, ತಲೆಯ ಮೇಲೆ ಗಡಗಡ ಫ್ಯಾನು. ಮೇಜಿನ ಈ ತುದಿಗೆ ವಿಚಾರಣಾಧಿಕಾರಿ. ಆ ತುದಿಗೆ ಕೌಂಟರಿನ ಹೆಂಗಸು ಮತ್ತು ಅವಳ ಪರ ಮಾತಾಡಲು ಬಂದ ಸಹೋದ್ಯೋಗಿ. ವಯಸ್ಸಾದ ಗಿರಾಕಿಯ ಮೇಲೆ, ಅಂದರೆ ನನ್ನ ಮೇಲೆ, ಎಲ್ಲರೆದುರು ಕಿರುಚಿದಳೆಂದು ಆರೋಪ. ಹಿಂದೊಮ್ಮೆ ಎಚ್ಚರಿಕೆ ಕೊಟ್ಟಿದ್ದಾರಂತೆ, ಈ ಸಲ ರುಜುವಾತಾದರೆ ಕೆಲಸವೇ ಹೋಗುತ್ತದಂತೆ. ನಾನು ನಿನ್ನ ಹತ್ತಿರ ಗೊಣಗಿದೆ, ನೀನು ಅಕ್ಕರೆಯಿಂದ ನನ್ನ ಹೆಸರಲ್ಲಿ ದೂರು ಕಳಿಸಿದೆ. ಅದು ಇಲ್ಲಿಗೆ ಬಂದು ನಿಂತಿದೆ ನೋಡು.

ಅಧಿಕಾರಿ ಬಲು ಮರ್ಯಾದಸ್ಥ. ನೀರು ತರಿಸಿಕೊಟ್ಟ. ನನ್ನದೆಂದು ಟೈಪು ಮಾಡಿಟ್ಟಿದ್ದ ಹೇಳಿಕೆಯನ್ನು ಮೆತ್ತಗೆ ಓದಿದ. ಅವನ ತುಟಿ ನಿಂತಾಗ ನಾನು ಎಂದಿನಂತೆ ತಲೆಯಾಡಿಸಿದೆ. ಆ ಸಹೋದ್ಯೋಗಿ ನನ್ನನ್ನು ಏನೋ ಕೇಳಲು ಎದ್ದ, ಅಧಿಕಾರಿ ಕೈಯೆತ್ತಿ ಕೂರಿಸಿದ. ಹಿರಿಯರಿಗೆ ತೊಂದರೆ ಬೇಡ ಎಂದನೆಂದು ಆಮೇಲೆ ಗೊತ್ತಾಯಿತು. ನನಗೋ, ಏನು ಕೇಳುತ್ತಿದ್ದನೋ ಎಂಬ ಕುತೂಹಲ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಅನುಮಾನ ಉಳಿದರೆ ‘ಬೆನಿಫಿಟ್ ಆಫ್ ದಿ’ ಏನೋ ಒಂದನ್ನು ಆರೋಪಿಗೆ ಕೊಡಬೇಕು ಎನ್ನುತ್ತಿದ್ದರು, ಬಾಲ ಮರೆತುಹೋಗಿದೆ.

ಸಹಿಗೆ ಪೆನ್ನೆತ್ತಿದ್ದೆ, ಅಷ್ಟರಲ್ಲಿ ಅವಳು, “ಸಾರ್, ಅವರು ಓದಿದ್ದು ನಿಮಗೆ ಕೇಳಿಸ್ತಾ?” ಎಂದಳು, ಗೋಡೆ ನಡುಗುವ ಹಾಗೆ. ಮುಖದಲ್ಲಿ ಪ್ರೀತಿಯೇನೂ ಇರಲಿಲ್ಲ. ಅಧಿಕಾರಿ ತಟ್ಟನೆ ಏನೋ ಬರೆದುಕೊಂಡ, ಇಲ್ಲೂ ಕಿರುಚಿದಳೆಂದೇ ಇರಬೇಕು. ಆದರೆ ಮಗಳೇ, ಆ ಕೋಣೆಯಲ್ಲಿ ನನ್ನ ಕಿವಿಗೆ ಪೂರ್ತಿ ಬಿದ್ದದ್ದು ಅದೊಂದೇ ಮಾತು. ಪೆನ್ನು ಮುಚ್ಚಿಟ್ಟೆ. ಅವಳ ಪರ ಬಂದವನ ಪ್ರಶ್ನೆಗೆ ಉತ್ತರ ಕೊಡದೆ ಸಹಿ ಹಾಕುವುದಿಲ್ಲ ಎಂದೆ. ಅಧಿಕಾರಿಯ ಮುಖ ಸಣ್ಣದಾಯಿತು. ಮುಂದಿನ ವಾರ ಬರಹೇಳಿದ್ದಾರೆ.

ಹೊರಗೆ ಮೆಟ್ಟಿಲ ಹತ್ತಿರ ಆ ಸಹೋದ್ಯೋಗಿಯನ್ನು ಹಿಡಿದು ನಿಲ್ಲಿಸಿ, ಏನಪ್ಪಾ ಕೇಳಬೇಕೆಂದಿದ್ದೆ ಎಂದೆ. ಅವನು ಕಿವಿಯ ಹತ್ತಿರ ಬಗ್ಗಿ, “ಕಿರುಚೋಕೆ ಮುಂಚೆ ಅವರು ನಿಮ್ಮನ್ನ ಮೆತ್ತಗೆ ಎಷ್ಟು ಸಲ ಕರೆದ್ರು ಅಂತ, ಸಾರ್” ಎಂದ. ಮನೆಗೆ ಬಂದಾಗಿನಿಂದ ಅದನ್ನೇ ಯೋಚಿಸುತ್ತಿದ್ದೇನೆ. ಕೇಳಿಸದೇ ಇದ್ದದ್ದನ್ನು ಎಷ್ಟು ಸಲ ಎಂದು ಹೇಳಲಿ?

ಕಿಟಕಿಯ ಬೆಳಕು ಹೋಗುತ್ತಿದೆ, ಅಕ್ಷರಗಳು ಒಂದರ ಮೇಲೊಂದು ಕೂರುತ್ತಿವೆ. ಅಳಿಯಂದಿರಿಗೆ ನನ್ನ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು, ಸುಖವಾಗಿರು.

ನಿನ್ನ ಅಪ್ಪ

ಮರೆತೆ: ನೀನು ಕೊಡಿಸಿದ ಕಿವಿಯ ಮಿಷಿನ್ನು ದಿನಾ ಹಾಕಿಕೊಳ್ಳುತ್ತೇನೆ ಎಂದದ್ದು ಸುಳ್ಳು. ಬೀರುವಿನಲ್ಲಿ ನಿನ್ನಮ್ಮನ ಶಾಲಿನ ಕೆಳಗೆ ಡಬ್ಬಿಯಲ್ಲೇ ಇದೆ. ಅವಳು ಕಿರುಚಿದ ದಿನ ಬ್ಯಾಂಕಿಗೂ ಹಾಕಿಕೊಂಡು ಹೋಗಿರಲಿಲ್ಲ. ಮುಂದಿನ ವಾರ ಇದನ್ನು ಅವರೆಲ್ಲರೆದುರು ಹೇಳುವವನಿದ್ದೇನೆ, ನಿನಗೆ ಮೊದಲು ಗೊತ್ತಿರಲಿ. ಆ ಮಿಷಿನ್ನಿಗೆ ಬ್ಯಾಟರಿ ಹೇಗೆ ಹಾಕುವುದೆಂದು ಬೇಗ ಬರೆದು ತಿಳಿಸು. ಫೋನಿನಲ್ಲಿ ಬೇಡ.