ಕೊನೆಯ ಹಾಳೆ ಇಲ್ಲದ ಕತ್ತಿಯವನು

ಇಳಕಲ್ಲ
14-11-2025, ಶುಕ್ರವಾರ

ನನ್ನವ್ವ ಚೇತನಾ,

ಹೇಗಿದ್ದೀ? ಧಾರವಾಡದಲ್ಲಿ ಥಂಡಿ ಶುರುವಾಗಿದೆಯೆಂದು ಕೇಳಿದೆ, ಕಿವಿಗೆ ಕಟ್ಟಿಕೊಂಡೇ ಹೊರಗೆ ಹೋಗು. ಹಾಸ್ಟೆಲಿನ ಊಟದಿಂದ ಹೊಟ್ಟೆ ಉರಿಯುತ್ತದೆ ಎಂದಿದ್ದೆ, ಈಗ ಹೇಗಿದೆ? ಆ ಗುಳಿಗೆ ಖಾಲಿ ಹೊಟ್ಟೆಗೋ ಉಂಡ ಮೇಲೋ, ಡಾಕ್ಟರನ್ನು ಮತ್ತೊಮ್ಮೆ ಕೇಳು. ಇಲ್ಲಿ ನಿಮ್ಮವ್ವ ಆರಾಮ. ನನ್ನ ಮೊಣಕಾಲು ಮಗ್ಗದ ಕುಣಿಗೆ ಇಳಿಯುವಾಗ ಒಂದು ಮಾತು, ಏರುವಾಗ ಒಂದು ಮಾತು ಆಡುತ್ತದೆ, ಅಷ್ಟೇ. ಅದಕ್ಕೆ ನೀನು ಚಿಂತೆ ಮಾಡಬೇಡ. ಚಿಂತೆ ಮಾಡುವುದಕ್ಕೆ ಮನೆಯಲ್ಲಿ ನಾನಿದ್ದೇನೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನ್ ಹಿಡಿದರೆ ನಿಮ್ಮವ್ವ ಪಕ್ಕಕ್ಕೆ ಬಂದು ಕೂರುತ್ತಾಳೆ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ತೀರಿಹೋದ ಅಹ್ಮದಸಾಬ ಕಾಕಾನ ಮೊಮ್ಮಗಳು ತಬಸುಮ ನಾಳೆ ಧಾರವಾಡಕ್ಕೇ ಬರುವವಳಿದ್ದಾಳೆ, ಅವಳ ಕೈಯಲ್ಲಿ ಇದನ್ನು ಕೊಡುತ್ತೇನೆ. ಆರನೆಯ ಇಯತ್ತೆಗೆ ಸಾಲೆ ಬಿಟ್ಟವನ ಅಕ್ಷರ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ಸೋಮವಾರ ನಿನ್ನ ಪ್ರಬಂಧವನ್ನು ಸರ್ ಅವರಿಗೆ ಒಪ್ಪಿಸಬೇಕು ಎಂದು ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದೆ. ಕತ್ತಿ ಮತ್ತು ಮಾಟದ ಕಥೆಗಳು ಅಮೆರಿಕಾದ ಅಗ್ಗದ ಪತ್ರಿಕೆಗಳಲ್ಲಿ ಹುಟ್ಟಿ ಹತ್ತಿರ ಹತ್ತಿರ ನೂರು ವರ್ಷವಾಯಿತು, ಮೊದಲ ಮೂವತ್ತು ವರ್ಷ ಅವಕ್ಕೆ ಹೆಸರೇ ಇರಲಿಲ್ಲ ಎಂದೆ. ಹೆಸರಿಡದ ಕೂಸು ಅಷ್ಟು ದಿನ ಹೇಗೆ ಬೆಳೆಯಿತೋ. ಆ ಕಥೆಗಳ ಗಂಡಸು ರಾಜ್ಯ ಉಳಿಸಲು ಹೋಗುವವನಲ್ಲ, ತನ್ನ ಹೊಟ್ಟೆ, ತನ್ನ ಜೀವ ನೋಡಿಕೊಳ್ಳುವವನು. ಕತ್ತಿಯ ಸಾಹಸಕ್ಕೆ ದೆವ್ವದ ಭಯವನ್ನು ಕೂಡಿಸಿ ಕಟ್ಟಿದರು ಎಂದೆ. ಕೇಳಿ ನನಗೆ ನಮ್ಮ ಸೀರೆಯೇ ನೆನಪಾಯಿತು. ಮೈಯ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತೇವಲ್ಲ, ಹಾಗೆ. ಆಮೇಲೆ ನೀನು ಅಂದದ್ದು ಕಿವಿಯಲ್ಲಿ ಕೂತುಬಿಟ್ಟಿದೆ: "ಅಪ್ಪಾ, ನಮ್ಮ ಕತ್ತಿಯವನ ಕಥಿ ಅವಕ್ಕಿಂತ ಹಳೇದು. ನಿಮ್ಮಪ್ಪ, ನಮ್ಮ ಯಮನೂರಪ್ಪಜ್ಜ ಹೇಳಿದ್ದು ಅಂತ ಬರದೇನಿ. ಇಂಥಾ ಕಥಿ ಮೊದಲ ಹುಟ್ಟಿದ್ದು ಅಮೆರಿಕಾದಾಗ ಅಲ್ಲ, ಇಳಕಲ್ಲ ಮಗ್ಗದಾಗ." ಅಂದಿನಿಂದ ನನಗೆ ರೊಟ್ಟಿ ಸೇರುತ್ತಿಲ್ಲ.

ನೆನಪಿದೆಯೇ, ನೀನು ಕುಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತಿದ್ದೆ. ನಾನು ಲಾಳಿ ಒಗೆಯುತ್ತ ಹೇಳುತ್ತಿದ್ದೆ. ಬಾದಾಮಿಯ ಗುಡ್ಡದಂಥ ಕೆಂಪು ಬಂಡೆ, ಅದರ ಹೊಟ್ಟೆಯೊಳಗೆ ಮಾಟಗಾರ. ಜೀವವನ್ನು ತನ್ನ ನೆರಳಿನಲ್ಲಿ ಅಡಗಿಸಿಟ್ಟವನು. ಕತ್ತಿಯವನು ಎಷ್ಟು ಕಡಿದರೂ ನೆರಳಿಗೆ ಗಾಯವಿಲ್ಲ. ಕಡೆಗೆ ದೀಪವನ್ನೇ ಆರಿಸುತ್ತಾನೆ. ನೆರಳು ಇಲ್ಲದಾದ ಮೇಲೆ ಜೀವ ಮೈಗೆ ಓಡಿಬರಲೇಬೇಕು. ಆ ಕತ್ತಲಲ್ಲಿ, ಹರಿದ ಎಳೆ ಹುಡುಕಿದ ಹಾಗೆ, ಬೆರಳ ತುದಿಯಿಂದ ಮಾಟಗಾರನ ಕುತ್ತಿಗೆ ಹುಡುಕುತ್ತಾನೆ. ಅಲ್ಲಿಗೆ ಬಂದಾಗ ನೀನು ಕಣ್ಣು ಮುಚ್ಚಿ ನನ್ನ ಅಂಗಿ ಹಿಡಿಯುತ್ತಿದ್ದೆ. ನೇಕಾರನಲ್ಲದೆ ಬೇರೆ ಯಾರೂ ಆ ಬೆರಳಿನ ಮಾತು ಹೇಳಲಾರರು, ಅದೇ ದೊಡ್ಡ ಸಾಕ್ಷಿ ಎಂದು ಬರೆದಿದ್ದೀಯಂತೆ. "ಯಾರು ಹೇಳಿದ್ರಪ್ಪಾ ಇದನ್ನ?" ಎಂದು ಅಂದು ನೀನು ಕೇಳಿದ್ದೆ. "ನಿಮ್ಮಜ್ಜ" ಎಂದೆ ನಾನು. ನಿನಗಾಗ ಏಳು ವರ್ಷ. ಆ ಒಂದು ಮಾತು ನಡೆದುಕೊಂಡು ಧಾರವಾಡ ಮುಟ್ಟುತ್ತದೆಂದು ಯಾರಿಗೆ ಗೊತ್ತಿತ್ತು.

ತಬಸುಮಳ ಕೈಯಲ್ಲಿ ಅಮೀನಗಡದ ಕರದಂಟೂ ಕೊಡುತ್ತೇನೆ, ಗೆಳತಿಯರಿಗೂ ಕೊಡು, ನಿನಗೂ ಉಳಿಸಿಕೋ. ಬಸ್ಸಿನ ಬಾಗಿಲಲ್ಲಿ ನಿಲ್ಲಬೇಡ. ನಿಮ್ಮವ್ವ ಕಾಳವ್ವ ನಿನ್ನ ದಾರಿ ನೋಡುತ್ತಿದ್ದಾಳೆ. ನನ್ನ ಕೈ ನಿನ್ನ ತಲೆಯ ಮೇಲಿದೆ ಎಂದು ತಿಳಿ.

ನಿನ್ನ ಅಪ್ಪ,
ಅಮಸಿದ್ದಪ್ಪ

ತಾ.ಕ.: ಮಡಿಚಿದ ಪತ್ರ ಮತ್ತೆ ಬಿಚ್ಚಿದೆ. ಆ ಕಥೆ ನಿಮ್ಮಜ್ಜನದಲ್ಲ. ಅವರು ಜೀವಮಾನದಲ್ಲಿ ಒಂದು ಕಥೆಯನ್ನೂ ಹೇಳಿದವರಲ್ಲ. ನಮಗೆ ಬಣ್ಣದ ನೂಲು ತರುತ್ತಿದ್ದ ಅಹ್ಮದಸಾಬ ಕಾಕಾ, ನಾನು ಹುಡುಗನಿದ್ದಾಗ ಒಮ್ಮೆ ಅಮೀನಗಡದಲ್ಲಿ ಕರದಂಟು ಕೊಂಡರು. ಸುತ್ತಿದ ಕಾಗದ ಇಂಗ್ಲಿಷಿನದು, ಮೇಲೆ ಕತ್ತಿ ಹಿಡಿದವನ ಚಿತ್ರ. ಮರುದಿನ ಮತ್ತೆ ಹೋಗಿ, ಆ ರದ್ದಿಯಲ್ಲಿ ಉಳಿದ ಹಾಳೆಗಳ ಆಸೆಗೆ ಇನ್ನೆರಡು ಪೊಟ್ಟಣ ಕರದಂಟು ಕಟ್ಟಿಸಿಕೊಂಡು ಬಂದರು. ಮೆಟ್ರಿಕ್ ಕಲಿತವರು, ಬೆರಳಿಟ್ಟು ಓದಿ ನನಗೆ ಕನ್ನಡದಲ್ಲಿ ಹೇಳಿದರು. ನಿಮ್ಮಜ್ಜ ಮಾತ್ರ ಬೈದದ್ದೇ ಬೈದದ್ದು: "ಅಹ್ಮದಸಾಬ್ರ, ನಿಮ್ಮ ಕತ್ತಿಯವ ನನ್ನ ಮಗ್ಗದ ಎಳಿ ಕಡದಾನು, ನೋಡ್ರಿ." ರದ್ದಿಯಿಂದ ಬಂದದ್ದು ಎಂದರೆ ನಿನ್ನ ಕಣ್ಣಲ್ಲಿ ಕಥೆ ಸಣ್ಣದಾದೀತೆಂದು ಹೆದರಿ ನಿಮ್ಮಜ್ಜನ ಹೆಸರು ಹೇಳಿದ್ದೆ. ಕೊನೆಯ ಹಾಳೆ ಯಾರದೋ ಮನೆಗೆ ಕರದಂಟಿನ ಜೊತೆ ಹೋಗಿತ್ತು. ಕತ್ತಿಯವನು ಸೋತು ದೀಪದ ಮುಂದೆ ನಿಂತಲ್ಲಿಗೆ ಕಥೆ ನಿಂತಿತ್ತು. "ಮುಂದಿಂದು ನೀನ ಹೇಳಲೇ" ಎಂದರು ಕಾಕಾ. ದೀಪ ಆರಿಸಿದವನು ನಾನು. ಆ ಬೆರಳೂ ನನ್ನದೇ. ನನ್ನಲ್ಲಿ ಉಳಿದ ಒಂದು ಹಾಳೆಯನ್ನು ಇದರೊಳಗೆ ಇಟ್ಟಿದ್ದೇನೆ, ತುಪ್ಪದ ಕಲೆ ಬಿದ್ದು ಮೆತ್ತಗಾಗಿದೆ, ಹುಷಾರಾಗಿ ಬಿಚ್ಚು. ಸೋಮವಾರದೊಳಗೆ ಅಜ್ಜನ ಹೆಸರು ತೆಗೆದು ಅಹ್ಮದಸಾಬ ಕಾಕಾನ ಹೆಸರು ಬರೆ. ನನ್ನದು ಹಾಕಲೇಬೇಕೆಂದಿಲ್ಲ. ಹಾಕುವುದಾದರೆ, ದೀಪ ಆರಿದಲ್ಲಿ ಕಾಕಾನ ಎಳೆಗೆ ನನ್ನ ಎಳೆಯ ಕೊಂಡಿ ಬಿದ್ದಿದೆಯಲ್ಲ, ಅಲ್ಲಿ ಹಾಕು.