ಮಹದೇವಮ್ಮನವರ ರೇಡಿಯೋ ತಂತಿ

೯ ಆಗಸ್ಟ್ ೧೯೪೪, ಬುಧವಾರ. ಮದ್ದೂರು.

ಕೆಲಸ ಚೆನ್ನಾಗಿ ಆದ ದಿನವೇ ಯಾಕಿಷ್ಟು ಬೇಸರವೋ!

ವೈದ್ಯನಾಥಪುರದ ಮಹದೇವಮ್ಮನವರ ರೇಡಿಯೋದಲ್ಲಿ ಬ್ಯಾಟರಿ ತಂತಿಯ ಬೆಸುಗೆ ಮತ್ತೆ ಬಿಟ್ಟಿತ್ತು. ಬಿಡದೆ ಏನು ಮಾಡೀತು! ಮುದ್ದೆ ತಿರುವುವಾಗ ಹಾಡು ಬೇಕೆಂದು ಆಕೆ ದಿನವೂ ಪೆಟ್ಟಿಗೆಯನ್ನು ಅಡಿಗೆಮನೆ ಬಾಗಿಲಿಗೆ ಎಳೆಯುತ್ತಾರೆ. ಬ್ಯಾಟರಿ ಮಾತ್ರ ನಡುಮನೆಯಲ್ಲೇ ಇರುತ್ತದೆ. ಇಂದು ಬರಿದೇ ಬೆಸೆದು ಸುಮ್ಮನಾಗಲಿಲ್ಲ. ಪೆಟ್ಟಿಗೆಯ ಒಳಗಡೆ ತಂತಿಗೊಂದು ಗಂಟು ಹಾಕಿದೆ. ಇನ್ನು ಎಷ್ಟೇ ಎಳೆದರೂ ತಂತಿ ಹೊರಬರುವ ತೂತಿಗೆ ಗಂಟು ಸಿಕ್ಕಿ ನಿಲ್ಲುತ್ತದೆ, ಜಗ್ಗಾಟ ಬೆಸುಗೆಗೆ ತಟ್ಟುವುದಿಲ್ಲ.

ಆಕೆಯೇ ಜಗ್ಗಿ ನೋಡಿದರು. ಹಾಡು ನಿಲ್ಲಲಿಲ್ಲ.

"ಇನ್ಮ್ಯಾಲೆ ನೀನು ಮಳೇಲಿ ಸೈಕಲ್ ತುಳ್ಕಂಡು ಬರೋ ತಾಪತ್ರಯ ಇಲ್ಲ ಬುಡಪ್ಪ," ಎಂದರು. ಆಮೇಲೆ ಎಂದಿನಂತೆ, "ಉಂಡು ಓಗು, ಉಪ್ಸಾರು ಐತೆ," ಎಂದು ಮಣೆ ಹಾಕಿದರು.

ಅವ್ವ ಹೋದ ಮೇಲೆ ನನ್ನನ್ನು ಉಣ್ಣು ಎನ್ನುವ ಮನೆ ಅದೊಂದೇ. ಎರಡನೆಯ ಮುದ್ದೆ ಇಡಲು ಬಂದಾಗ ಹಸಿವಿಲ್ಲದಿದ್ದರೂ ಬೇಡವೆನ್ನಲಿಲ್ಲ.

ಕೋಣೆಗೆ ಬಂದು ದೀಪ ಹಚ್ಚಿಕೊಂಡು ಕುಳಿತಿದ್ದೇನೆ. ಆ ಗಂಟು ಬಿಚ್ಚಿಕೊಳ್ಳುವುದಿಲ್ಲ. ಹಾಕಿದವನು ನಾನೇ, ನನಗೆ ಗೊತ್ತು. ಇನ್ನು ಯಾವ ನೆಪ ಹೇಳಿಕೊಂಡು ಆ ಬಾಗಿಲಿಗೆ ಹೋಗಲಿ?