ಬಲ್ಲವ್ವನಿಗೆ ಕೊಟ್ಟದ್ದು

ಮಲಾಡ್, ಮುಂಬಯಿ
16-10-1975

ಚಂಪಾಳ ಅಪ್ಪನವರಿಗೆ ನೀಲಾಬಾಯಿಯ ನಮಸ್ಕಾರಗಳು.

ನಿಮ್ಮ ಬಲಗೈ ಈಗ ಹೇಗಿದೆ? "ಮೂರು ತಿಂಗಳಿಂದ ನಾನು ಒಂದು ಸಾಲೂ ಬರೆದಿಲ್ಲ, ಕೈ ಮುರಿದದ್ದು ಇವಳಿಗೆ ಹೇಗೆ ತಿಳಿಯಿತು" ಎಂದುಕೊಳ್ಳುತ್ತೀರಿ. ಹೇಳುತ್ತೇನೆ, ಆದರೆ ಬಸ್ರಾದಲ್ಲಿ ಜೊತೆಯವರ ಮುಂದೆ ಓದಬೇಡಿ, ನಗುತ್ತಾರೆ. ಇನ್ನೊಬ್ಬರಿಂದ ಬರೆಸಲು ನಿಮ್ಮ ಬಿಗುಮಾನ ಬಿಟ್ಟಿರಲಿಕ್ಕಿಲ್ಲ, ಅದು ನನಗೆ ಗೊತ್ತಿದ್ದದ್ದೇ. ಎಡಗೈಯಲ್ಲಿ ಉಣ್ಣುತ್ತಿದ್ದೀರೇನೋ ಎಂದು ನೆನೆದರೆ ನನಗೂ ತುತ್ತು ಇಳಿಯುವುದಿಲ್ಲ.

ನೀವು ಹಡಗು ಹತ್ತಿದ ಮೇಲೆ ಚಂಪಾ ಒಂದು ಲೋಕವನ್ನೇ ಕಟ್ಟಿಕೊಂಡಿದ್ದಾಳೆ. ಹೆಸರು ಅತ್ತಲೂರು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಅದರ ನಕಾಶೆ ಬರೆದು ಗೋಡೆಗೆ ಅಂಟಿಸಿದ್ದಾಳೆ. ಏಳು ಗುಡ್ಡ, ಎರಡು ಹೊಳೆ, ಲೋಕಲ್ ಗಾಡಿಗೊಂದು ಸ್ಟೇಷನ್. ಶಾಲೆ ಮಾತ್ರ ಇಲ್ಲ, ನಿಮ್ಮ ಮಗಳಲ್ಲವೇ. ಅಲ್ಲಿ ಯಾರಿಗೆ ಏನು ತಿಳಿಯಬೇಕಿದ್ದರೂ ಬಲ್ಲವ್ವ ಎಂಬ ದೇವಿಯನ್ನು ಕೇಳುತ್ತಾರೆ. ಅವಳಿಗೆ ಹೂವು, ಕಾಯಿ, ಊದಿನಕಡ್ಡಿ ಯಾವುದೂ ಬೇಡ. ಅಮಾವಾಸ್ಯೆಯ ಮಧ್ಯಾಹ್ನ, ನಮಗೆ ಗೊತ್ತಿರುವ ಒಂದು ಸಂಗತಿಯನ್ನು ಪಾಟಿಯ ಮೇಲೆ ಬರೆದು ಒದ್ದೆ ಬಟ್ಟೆಯಿಂದ ಒರೆಸಬೇಕು. ಒರೆಸಿದ್ದು ಅವಳ ಪಾಲು. ಆಮೇಲೆ ಕೇಳಿದ್ದಕ್ಕೆ ಉತ್ತರ ಚಂಪಾಳ ಬಾಯಲ್ಲಿ ಬರುತ್ತದೆ. ಪಕ್ಕದ ಖೋಲಿಯ ಸುಂದ್ರವ್ವನ ಮೂಗುತಿ ಕಳೆದಾಗ ಚಂಪಾ ಏಳರ ಮಗ್ಗಿ ಕೊಟ್ಟಳು. ಮೂಗುತಿ ನೀರಿನ ಪೀಪಾಯಿಯ ಅಡಿಯಲ್ಲಿ ಸಿಕ್ಕಿತು. ಮರುದಿನ ಇವಳಿಗೆ ಏಳೆರಡ್ಲೆ ಎಷ್ಟು ಎಂದೇ ಬರಲಿಲ್ಲ. ಕಳ್ಳಾಟ ಎಂದು ನಾನೇ ಎರಡು ಬಾರಿಸಿದೆ. ಬಾರಿಸಬಾರದಿತ್ತು.

ನಿಮ್ಮ ಕಾಗದ ನಿಂತ ಮೇಲೆ ನಾನು ಯಾರ ಬಾಗಿಲಿಗೆ ಹೋಗಲಿ? ನಿಮ್ಮನ್ನು ಕಳಿಸಿದ ಏಜೆಂಟ್ ಮುಖವನ್ನೇ ತೋರಿಸಲಿಲ್ಲ. ಮಹಾಲಯ ಅಮಾವಾಸ್ಯೆ ಬಂತು. ಸತ್ತವರಿಗೆ ಎಡೆ ಇಡುವ ದಿನ, ಎಷ್ಟು ಎಡೆ ಇಡಲಿ ಎಂದೇ ತಿಳಿಯಲಿಲ್ಲ. ನಾನೇ ಪಾಟಿಯ ಮುಂದೆ ಕುಳಿತೆ. ಏನು ಕೊಡುವುದು? ಅಡುಗೆ ಮರೆತರೆ ಮಗಳು ಉಪವಾಸ, ತವರಿನ ದಾರಿ ಮರೆತರೆ ನಾನು ದಿಕ್ಕಿಲ್ಲದವಳು. ಬಳಸದೆ ಇಟ್ಟದ್ದು ನನ್ನ ಹತ್ತಿರ ಒಂದೇ ಇತ್ತು. ಗಂಡನ ಹೆಸರನ್ನು ಹೆಂಡತಿ ಹೇಳುವಂತಿಲ್ಲ. ಮದುವೆಯಲ್ಲಿ ಪ್ರಾಸದ ಒಡಪಿನೊಳಗೆ ಸೇರಿಸಿ ಹೇಳಿದ್ದು ಬಿಟ್ಟರೆ ಹನ್ನೊಂದು ವರ್ಷದಲ್ಲಿ ನಾನು ಅದನ್ನು ಬಾಯಿಗೆ ತಂದವಳಲ್ಲ. ಹೋದರೆ ಏನು ಕಡಿಮೆಯಾದೀತು ಎಂದು ಬರೆದೆ, ಒರೆಸಿದೆ. "ಅಪ್ಪ ಅದಾನ. ಬಲಗೈ ಮುರದೈತಿ, ಅದಕ್ಕ ಬರಿಯಾಕ ಬರವಲ್ದು" ಅಂದಳು ಚಂಪಾ. ಮೊನ್ನೆ ದಸರೆಗೆ, ನಿಮ್ಮ ಸೈಟಿನಿಂದ ರಜೆಯಲ್ಲಿ ಬಂದ ಮುರಿಗೆಪ್ಪ ಬನ್ನಿ ಕೊಡುತ್ತ ಅದನ್ನೇ ಹೇಳಿದ. ನೀವು ಯಾವಾಗ ಬರುತ್ತೀರಿ ಎಂಬುದು ಅವನಿಗೂ ಗೊತ್ತಿಲ್ಲ.

ಜೀವಕ್ಕೆ ಅಪಾಯವಿಲ್ಲವಲ್ಲ ಎಂದು ಅತ್ತು ಹಗುರಾದೆ. ಆದರೆ ನಿನ್ನೆ ಬಸುರಿ ಅಂಬವ್ವನ ಕುಬಸದಲ್ಲಿ ಚಾಳಿನ ಹೆಂಗಸರು ಒಡಪು ಹೇಳೆಂದು ಹಿಡಿದುಕೊಂಡರು. ಒಡಪು ಸರಾಗವಾಗಿ ಬಂತು, ನಿಮ್ಮ ಹೆಸರಿನ ಜಾಗಕ್ಕೆ ಬಂದು ನಿಂತುಬಿಟ್ಟೆ. ನಾಚಿಕೊಂಡಳು ಎಂದು ಎಲ್ಲರೂ ನಕ್ಕರು. ನಾಚಿಕೆಯಲ್ಲ. ಓಡಿ ಬಂದು ನಿಮ್ಮ ಹಳೆಯ ಲಕೋಟೆ ತೆಗೆದು ನೋಡಿದೆ. ಒಂದೊಂದೇ ಅಕ್ಷರ ಕೂಡಿಸಿ ಓದುತ್ತೇನೆ, ಕೊನೆಗೆ ಬರುವಷ್ಟರಲ್ಲಿ ಮೊದಲಿನದು ತಲೆಯಲ್ಲಿಲ್ಲ. ಸುಂದ್ರವ್ವ ಓದಿ ಹೇಳಿದಳು, ಅದೂ ನಿಲ್ಲಲಿಲ್ಲ. ನನಗೆ ಬಹಳ ಹೆದರಿಕೆಯಾಗಿದೆ. ಈ ಕಾಗದದ ಮೇಲಿನ ವಿಳಾಸವನ್ನು ಚಂಪಾ ಬರೆಯುತ್ತಾಳೆ.

ಬನ್ನಿಯ ಎಲೆ ಒಳಗಿಟ್ಟಿದ್ದೇನೆ, ಎಡಗೈಯಿಂದಲಾದರೂ ತೆಗೆದುಕೊಳ್ಳಿ. ಕೈ ಜೋಪಾನ. ಭಾರ ಎತ್ತಬೇಡಿ.

ನಿಮ್ಮವಳು,
ನೀಲಾಬಾಯಿ

ತಾ.ಕ.: ಬರುವ ದಿನವನ್ನು ಯಾರಿಂದಲಾದರೂ ತಂತಿ ಹೊಡೆಸಿ. ದೀಪಾವಳಿ ಅಮಾವಾಸ್ಯೆಯ ಒಳಗೆ ನನಗೆ ಮುಟ್ಟಬೇಕು. ಅವತ್ತು ಚಂಪಾ ಬಲ್ಲವ್ವನನ್ನು ಅದನ್ನೇ ಕೇಳುವವಳಿದ್ದಾಳೆ, ತಿಳಿದುಬಿಟ್ಟರೆ ಕೇಳುವುದಿಲ್ಲ. ಪಾಟಿ ಒಡೆದು ಹಾಕಿದೆ. ನೆಲದ ಮೇಲೆ ಬರೆದರೂ ನಡೆಯುತ್ತದಂತೆ. ಏನು ಕೊಡುತ್ತೀ ಎಂದು ಕೇಳಿದೆ. "ಅಪ್ಪನ ಮಾರಿ" ಅಂದಳು. "ಹೆಂಗೂ ಫೋಟೊ ಐತೆಲ್ಲವ್ವಾ."